ಕೋಹಾರ್ಟ್ ಅಧ್ಯಯನ ಅಂದರೆ ಒಂದು ಬ್ಯಾಚಿನ ಬೆನ್ನು ಹತ್ತುವುದು

'ಈಗಿನ ಹುಡುಗರಿಗೆ ತೋಟ ಬೇಡ' ಅನ್ನುವ ಮಾತು ತೀರ್ಥಹಳ್ಳಿ, ಹೊಸನಗರದ ಕಡೆ ಯಾವ ಮದುವೆ ಮನೆಗೆ ಹೋದರೂ ಕಿವಿಗೆ ಬೀಳುತ್ತದೆ. ಸರ್ವೆ ಮಾಡಿದರೂ ಹಾಗೇ ಕಾಣಬಹುದು, ತೋಟದಲ್ಲಿ ಅರವತ್ತು ದಾಟಿದವರು, ಇಪ್ಪತ್ತೈದರವರೆಲ್ಲ ಬೆಂಗಳೂರಲ್ಲಿ. ಅಷ್ಟಕ್ಕೇ ತಲೆಮಾರೇ ಬದಲಾಯಿತು ಅನ್ನೋಕೆ ಬರುತ್ತಾ? ಇಪ್ಪತ್ತೈದಕ್ಕೆ ಊರು ಬಿಟ್ಟು, ನಲವತ್ತರ ಹೊತ್ತಿಗೆ ಅಪ್ಪನ ಮೊಣಕಾಲು ನೋವು ಜಾಸ್ತಿಯಾದಾಗ ವಾಪಸ್ ಬಂದು, ಅಡಿಕೆ ಕೊನೆ ಕೊಯ್ಯೋಕೆ ಜನ ಹುಡುಕುತ್ತಾ ಓಡಾಡಿದವರು ಹಿಂದೆಯೂ ಇದ್ದರು. ಈ ಹುಡುಗರೂ ಬರಬಹುದು, ಬರದೆಯೂ ಇರಬಹುದು. ಇದು ವಯಸ್ಸಿನ ಆಟವೋ ಕಾಲದ ಆಟವೋ, ಒಂದು ಸಲದ ಸರ್ವೆಗೆ ತಿಳಿಯುವುದಿಲ್ಲ.

ಅದಕ್ಕೇ ಕೋಹಾರ್ಟ್ ಅಧ್ಯಯನ. ಒಂದೇ ಕಾಲದಲ್ಲಿ ಒಂದೇ ಘಟ್ಟ ದಾಟಿದವರ ಗುಂಪಿಗೆ ಸಮಾಜಶಾಸ್ತ್ರದಲ್ಲಿ ಕೋಹಾರ್ಟ್ ಅನ್ನುತ್ತಾರೆ. ಹೆಚ್ಚಾಗಿ ಹುಟ್ಟಿದ ವರ್ಷ ಹಿಡಿಯುತ್ತಾರೆ, ಆದರೆ ಅದೇ ಆಗಬೇಕೆಂದಿಲ್ಲ. 2021ರಲ್ಲಿ ಪರೀಕ್ಷೆ ಬರೆಯದೆ ಸೆಕೆಂಡ್ ಪಿಯುಸಿ ಪಾಸಾದ ನಮ್ಮ ರಾಜ್ಯದ ರೆಗ್ಯುಲರ್ ವಿದ್ಯಾರ್ಥಿಗಳೂ ಒಂದು ಕೋಹಾರ್ಟ್. ಇಂಥ ಗುಂಪನ್ನು ವರ್ಷಗಟ್ಟಲೆ ಬಿಡದೆ, ಆಗಾಗ ಹೋಗಿ ವಿಚಾರಿಸುತ್ತಾರೆ. ಪ್ರತಿ ಸಲ ಅದೇ ವ್ಯಕ್ತಿಗಳನ್ನೇ ಹುಡುಕಿದರೆ ಅದು ಪ್ಯಾನೆಲ್ ಅಧ್ಯಯನ ಕೂಡ ಹೌದು. ಅದೇ ಗುಂಪಿನಿಂದ ಪ್ರತಿ ಸಲ ಬೇರೆ ಬೇರೆಯವರನ್ನು ಆರಿಸಿ ಕೇಳಿದರೂ ಕೋಹಾರ್ಟ್ ಅಧ್ಯಯನವೇ.

ಬ್ರಿಟನ್ನಿನಲ್ಲಿ 1946ರ ಮಾರ್ಚ್‌ನ ಒಂದು ವಾರದಲ್ಲಿ ಹುಟ್ಟಿದ ಮಕ್ಕಳಲ್ಲಿ 5,362 ಮಂದಿಯನ್ನು ಆರಿಸಿ, ಅವರು ಮುದುಕರಾಗುವವರೆಗೂ ಬೆನ್ನು ಬಿಡಲಿಲ್ಲ. ಎಂಥ ತಾಳ್ಮೆ ಮಾರಾಯ್ರೆ! ನನಗೆ ಇನ್ನೂ ಹಿಡಿಸುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಮಾಡಿದ ಕೆಲಸ. 1930ರ ದಶಕದ ಆರ್ಥಿಕ ಕುಸಿತ ಬಂದಾಗ ಹದಿಹರೆಯಕ್ಕೆ ಕಾಲಿಡುತ್ತಿದ್ದವರನ್ನೂ ಆಗಿನ್ನೂ ಪುಟ್ಟ ಮಕ್ಕಳಾಗಿದ್ದವರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕಷ್ಟ ಒಂದೇ. ಪೆಟ್ಟು ಜಾಸ್ತಿ ಬಿದ್ದದ್ದು ಚಿಕ್ಕವರಿಗೆ, ಅದರಲ್ಲೂ ಗಂಡುಮಕ್ಕಳಿಗೆ.

ಇದನ್ನು ಓದಿದಾಗೆಲ್ಲ ಶರಾವತಿ ಕಣಿವೆ ನೆನಪಾಗುತ್ತದೆ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ ಬಿಟ್ಟು ಹೊರಟ ಮಕ್ಕಳಲ್ಲಿ ಅಮ್ಮನ ಸೊಂಟದ ಮೇಲಿದ್ದವರೂ ಇದ್ದರು, ಅಪ್ಪನ ಜತೆ ಗದ್ದೆಗೆ ಇಳಿಯುವಷ್ಟು ದೊಡ್ಡವರೂ ಇದ್ದರು. ಆ ಎರಡು ಗುಂಪಿನ ಓದು, ಜಮೀನು, ಮದುವೆ ಆಮೇಲೆ ಏನಾಯಿತು? ಹಳೇ ಶಾಲಾ ದಾಖಲಾತಿ ಪುಸ್ತಕದಿಂದ ಹೆಸರು ತೆಗೆದು ಈಗಲೂ ವಿಚಾರಿಸಬಹುದು. ಹಿಂದಿನ ದಾಖಲೆಯಿಂದ ಶುರುಮಾಡುವ ಕೋಹಾರ್ಟ್ ಅಧ್ಯಯನವೂ ಇದೆ.

ತಲೆನೋವು ಇರುವುದು ಜನ ಕೈತಪ್ಪುವುದರಲ್ಲಿ. ಹುಡುಗಿಯರು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ, ಹುಡುಗರು ಸಿಮ್ ಬದಲಿಸುತ್ತಾರೆ, ಕೆಲವರು ತೀರಿಹೋಗಿರುತ್ತಾರೆ. ಸುಮ್ನೆ ಸಂಖ್ಯೆ ಕಡಿಮೆಯಾದರೆ ತಡೆದುಕೊಳ್ಳಬಹುದು. ಆದರೆ ಸುಲಭವಾಗಿ ಸಿಗುವವರು ತೋಟ ಇರುವವರು, ಊರಲ್ಲೇ ಉಳಿದವರು. ಅವರನ್ನಷ್ಟೇ ಕೇಳಿ ಬಂದರೆ ಇಡೀ ಬ್ಯಾಚೇ ಚೆನ್ನಾಗಿದೆ ಅಂತ ಬರೆದುಬಿಡುತ್ತೇವೆ, ಅಲ್ವಾ?