ಮ್ಯಾಕ್‌ಗೆ ಹೋಗುವ ಮುಂಚೆ ಹಳೇ ಫೈಲ್ ತೆಗೆದು ನೋಡಿ

"ಸರ, ಈ ಸಲ ಮ್ಯಾಕ್‌ಬುಕ್ ತಗೋಬೇಕಂತ ಮಾಡೇನ್ರಿ, ಹೆಂಗ?" ಬೆಳಗಾವಿಯ ತಿಲಕವಾಡಿಯಲ್ಲಿರುವ ನಮ್ಮ ರಿಪೇರಿ ಅಂಗಡಿಯಲ್ಲಿ ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುತ್ತಿದೆ. ಕಾರಣ ಗೊತ್ತಿರುವುದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಇಲ್ಲವೇ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಹೆಂಗೂ ಹೊಸದು ತಗೊಳ್ಳೋದೇ ಆಯ್ತು, ಆಪಲ್ ಕಂಪನಿಯ ಮ್ಯಾಕ್‌ನಂಥ ಬೇರೆ ನಮೂನೆಯದನ್ನೇ ಯಾಕೆ ತಗೊಳ್ಳಬಾರದು ಅನ್ನೋದು ಜನರ ಲೆಕ್ಕ.

ಲೆಕ್ಕ ತಪ್ಪಲ್ಲ. ಆದರೆ ನಾನು ಮೊದಲು ಕೇಳುವುದು ಬೇರೆ. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಯಾರ್ಯಾರು ಏನೇನು ಮಾಡ್ತೀರಿ? ಬರೀ ಯೂಟ್ಯೂಬ್, ಇಮೇಲ್, ಕರೆಂಟ್ ಬಿಲ್ ಅಂದರೆ ಯಾವುದಾದರೂ ನಡೆಯುತ್ತದೆ. ಮುಂದೆ ಓದುವ ಅಗತ್ಯವೂ ಇಲ್ಲ.

ಅಂಗಡಿ ಲೆಕ್ಕವನ್ನು ರಾತ್ರಿ ಮನೆಯಲ್ಲಿ ಕೂತು ಟ್ಯಾಲಿಯಲ್ಲಿ ಬರೆಯುವವರು ಸ್ವಲ್ಪ ನಿಲ್ಲಬೇಕು. ಟ್ಯಾಲಿ ಪ್ರೈಮ್ ನೇರವಾಗಿ ಓಡುವುದು ವಿಂಡೋಸ್‌ನಲ್ಲಿ. ಮೊದಲಾದರೆ ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಡುತ್ತಿದ್ದೆವು. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ಎಂ ಸರಣಿಯ ಮ್ಯಾಕ್‌ಗಳಲ್ಲಿ ಆ ದಾರಿ ಬಂದ್. ಬೇರೆ ಸಾಫ್ಟ್‌ವೇರ್ ಕೊಂಡು ಅದರೊಳಗೆ ವಿಂಡೋಸ್ ಓಡಿಸಬಹುದು. ಆದರೆ ದಿನಾ ಮಾಡುವ ಕೆಲಸಕ್ಕೆ ಅಷ್ಟು ಸುತ್ತು ಯಾಕೆ? ಡಿಜಿಟಲ್ ಸಹಿಯ ಟೋಕನ್ ಬಳಸುವವರು, ಹಳೇ ಲೇಸರ್ ಪ್ರಿಂಟರ್ ಇಟ್ಟುಕೊಂಡವರು ಕೂಡ ಮ್ಯಾಕ್‌ಗೆ ಬೇಕಾದ ಡ್ರೈವರ್ ಸಾಫ್ಟ್‌ವೇರ್ ಸಿಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.

ನಮ್ಮದು ವಿಟಿಯು ಇರುವ ಊರು, ಹಾಗಾಗಿ ಎಂಜಿನಿಯರಿಂಗ್ ಮಕ್ಕಳ ಅಪ್ಪ ಅಮ್ಮ ಬಂದೇ ಬರುತ್ತಾರೆ. ಮಗಳು ಕಂಪ್ಯೂಟರ್ ಸೈನ್ಸ್ ಆದರೆ ಮ್ಯಾಕ್ ಇರಲಿ, ವಿಂಡೋಸ್ ಬದಲು ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಇರಲಿ, ಚಿಂತೆಯಿಲ್ಲ. ಮೆಕ್ಯಾನಿಕಲ್, ಸಿವಿಲ್ ಆದರೆ ಬೇಡ ಅನ್ನುತ್ತೇನೆ. ಅವರು ಡಿಸೈನ್‌ಗೆ ಬಳಸುವ ಸಾಲಿಡ್‌ವರ್ಕ್ಸ್, ರೆವಿಟ್ ಎರಡೂ ವಿಂಡೋಸ್‌ಗೇ ಮಾಡಿದವು. ಆಟೋಕ್ಯಾಡ್ ಮ್ಯಾಕ್‌ಗೂ ಇದೆ, ಆದರೆ ವಿಂಡೋಸ್‌ನದ್ದರಲ್ಲಿ ಇರುವುದೆಲ್ಲ ಅದರಲ್ಲಿಲ್ಲ.

ಯಾರೂ ಮುಂಚೆ ಯೋಚಿಸದ ತೊಡಕು ಕನ್ನಡದ್ದು. ಮನೆಯಲ್ಲೇ ಡಿಟಿಪಿ ಮಾಡುವ ಅಕ್ಕ ಒಬ್ಬರು ಇದ್ದಾರೆ. ಲಗ್ನಪತ್ರಿಕೆ, ಸಂಘದ ವರದಿ, ಎಲ್ಲ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಫಾಂಟ್‌ನಲ್ಲಿ. ಅವರ ಪೆನ್‌ಡ್ರೈವ್ ಮ್ಯಾಕ್‌ಗೆ ಹಾಕಿ ಒಂದು ಪತ್ರಿಕೆ ತೆರೆದು ತೋರಿಸಿದೆ. ವರನ ಹೆಸರು ಇರಬೇಕಾದ ಜಾಗದಲ್ಲಿ ದೊಡ್ಡಕ್ಷರದ ಇಂಗ್ಲಿಷ್ ಪಿ, ಎ ಅಕ್ಷರದ ಮೇಲೊಂದು ಗೆರೆ, ನಡುವೆ ಪೌಂಡ್ ಚಿಹ್ನೆ. "ಅಯ್ಯ, ಇದೇನ್ರೀ ಇದು!" ಅಂದರು. ಆಗಿದ್ದು ಇಷ್ಟೇ. ಹಳೇ ನುಡಿ ಫೈಲ್‌ನಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡ್. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲ ಅಂದರೆ ಕನ್ನಡವೂ ಇಲ್ಲ. ಕನ್ನಡದ ಅಕ್ಷರಗಳಿಗೇ ಬೇರೆ ಕೋಡ್ ಇರುವ ಯೂನಿಕೋಡ್‌ನಲ್ಲಿ ಬರೆದಿದ್ದರೆ ಈ ಗೋಳಿಲ್ಲ, ಮೊಬೈಲ್‌ನಲ್ಲೂ ಸರಿಯಾಗಿ ಕಾಣುತ್ತದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಆದರೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಮ್ಮೆ ಕಣ್ಣಾಡಿಸಲೇಬೇಕು. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಾದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಕೀಬೋರ್ಡಿನದು ಇನ್ನೊಂದು ಕಥೆ. ಮ್ಯಾಕ್ ಜೊತೆಗೇ ಕನ್ನಡ ಕೀಬೋರ್ಡ್ ಬರುತ್ತದೆ, ಆದರೆ ನುಡಿಯಲ್ಲಿ ಕಲಿತ ಬೆರಳು ಅದಕ್ಕೆ ಹೊಂದಿಕೊಳ್ಳಲು ಟೈಮ್ ಹಿಡಿಯುತ್ತದೆ. ಇಲ್ಲಿ ಲಿನಕ್ಸ್ ಗೆಲ್ಲುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ನುಡಿಯಲ್ಲಿ ಬಳಸುವ ಕಗಪ ಕೀಬೋರ್ಡ್ ವಿನ್ಯಾಸ ಮೊದಲೇ ಇದೆ, ಕನ್ನಡಕ್ಕೂ ಮರಾಠಿಗೂ. ಎರಡೂ ಭಾಷೆ ಬೇಕಾದ ನಮ್ಮೂರಿನ ಮನೆಗಳಿಗೆ ಇದು ಸಣ್ಣ ಅನುಕೂಲ ಅಲ್ಲ.

ಇನ್ನು "ಸ್ಲೋ ಆಗೇತ್ರಿ, ಅದಕ್ಕ ಬದಲಾಯಿಸ್ತೀನಿ" ಅನ್ನುವವರು. ಇವರಿಗೆ ಹೊಸದು ಮಾರುವುದು ನನಗೆ ಲಾಭ, ಆದರೂ ಹೇಳುತ್ತೇನೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಏನೂ ಮಾಡದೆ ಕೂತಾಗಲೂ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ, ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್ ಇದ್ದರೆ, ಬಹಳ ಸಲ ರೋಗ ಅಲ್ಲೇ ಇರುತ್ತದೆ. ಅದರ ಬದಲು ತಿರುಗುವ ಭಾಗವಿಲ್ಲದ, ವೇಗದ ಎಸ್ಎಸ್‌ಡಿ ಹಾಕಿಸಿ, ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ವಿಂಡೋಸ್ 11 ಒಪ್ಪದಷ್ಟು ಹಳೆಯ ಮಷಿನ್ ಆದರೆ ಅದಕ್ಕೇ ಲಿನಕ್ಸ್ ಮಿಂಟ್ ಹಾಕಿಸಬಹುದು.

ಇಷ್ಟೆಲ್ಲ ನೋಡಿದ ಮೇಲೂ ಮ್ಯಾಕ್ ಬೇಕು ಅನಿಸಿದರೆ ತಗೊಳ್ಳಿ, ಒಳ್ಳೇ ಯಂತ್ರ. ಮ್ಯಾಕ್‌ಬುಕ್ ಏರ್‌ನ ಎಂ ಸರಣಿಯಲ್ಲಿ ಫ್ಯಾನೇ ಇಲ್ಲ, ಸದ್ದಿಲ್ಲ. ಕರೆಂಟ್ ಹೋದರೂ ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಆದರೆ ಅದರ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಕೊಳ್ಳುವಾಗಲೇ ಕೈ ಸ್ವಲ್ಪ ಬಿಚ್ಚಬೇಕು. ಹಳೇ ಎಕ್ಸ್‌ಟರ್ನಲ್ ಡಿಸ್ಕ್ ವಿಂಡೋಸ್‌ನ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್‌ನಲ್ಲಿದ್ದರೆ ಮ್ಯಾಕ್ ಅದನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಮೊದಲು ಫೈಲ್‌ಗಳನ್ನು ಬೇರೆ ಕಡೆ ಇಟ್ಟುಕೊಂಡು, ಆಮೇಲೆ ಎರಡೂ ಕಡೆ ಓದಿ ಬರೆಯಬಹುದಾದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಸಿ.

ಲಿನಕ್ಸ್ ನೋಡಬೇಕೆನ್ನುವವರಿಗೆ ಇನ್ನೂ ಸುಲಭ. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ಬಳಸಬಹುದು. ಇನ್‌ಸ್ಟಾಲ್ ಒತ್ತದಿದ್ದರೆ ನಿಮ್ಮ ವಿಂಡೋಸ್ ಹಾಗೇ ಇರುತ್ತದೆ. ಒಂದು ಭಾನುವಾರ ಹಾಗೆ ಓಡಿಸಿ, ಪ್ರಿಂಟರ್ ಜೋಡಿಸಿ ಒಂದು ಹಾಳೆ ಪ್ರಿಂಟ್ ತೆಗೆಯಿರಿ, ವೈಫೈ ಹಿಡಿಯುತ್ತದೆಯೇ ನೋಡಿ. ಅಂಗಡಿಗೆ ಆಮೇಲೆ ಬನ್ನಿ.