ಲೇಬರ್ ಆಫೀಸರ್ ಮತ್ತೆ ಕೆಲಸ ಕೊಡಿಸುತ್ತಾರೆಯೇ?

ಪ್ರಶ್ನೆ: ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ಲೇತ್ ಯಂತ್ರ ನಡೆಸುತ್ತಿದ್ದ ನನ್ನನ್ನು ನೋಟಿಸ್ ಕೊಡದೆ ಬಿಡಿಸಿದ್ದಾರೆ. ಕೋರ್ಟು, ವಕೀಲರ ಖರ್ಚು ನನ್ನಿಂದಾಗದು. ಕಾರ್ಮಿಕ ಇಲಾಖೆಗೆ ದೂರು ಕೊಟ್ಟರೆ ಅಲ್ಲಿನ ಅಧಿಕಾರಿ ನನ್ನನ್ನು ಮತ್ತೆ ಕೆಲಸಕ್ಕೆ ಸೇರಿಸುತ್ತಾರೆಯೇ?

ಉತ್ತರ: ಸೇರಿಸಿಕೊಳ್ಳಿ ಎಂದು ಆದೇಶಿಸುವ ಅಧಿಕಾರ ಅವರಿಗಿಲ್ಲ. ದೂರು ಹಿಡಿದು ಹೋಗುವ ಬಹುತೇಕರು ಅವರನ್ನು ನ್ಯಾಯಾಧೀಶರೆಂದು ಭಾವಿಸಿ, ಎರಡನೆಯ ಭೇಟಿಗೇ ನಿರಾಶರಾಗುತ್ತಾರೆ. ಅವರು ಸಂಧಾನ ಅಧಿಕಾರಿ. ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಬೇಕಾದರೆ ಒಬ್ಬೊಬ್ಬರೊಡನೆ ಬೇರೆಯಾಗಿ ಮಾತನಾಡಿ, ರಾಜಿಗೆ ತರುವುದಷ್ಟೇ ಅವರ ಕೆಲಸ. ಆದರೆ ಮಾಲೀಕರನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಅಧಿಕಾರ ಅವರಿಗಿದೆ. ಗೇಟಿನಲ್ಲೇ ನಿಮ್ಮನ್ನು ತಡೆದು ಕಳಿಸಿದ ಆಡಳಿತ ವರ್ಗ ಅಲ್ಲಿ ಬಂದು ಉತ್ತರ ಹೇಳಬೇಕಾಗುತ್ತದೆ ಎಂಬುದು ಸಣ್ಣ ಮಾತಲ್ಲ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆಯಾದರೂ ಈ ವ್ಯವಸ್ಥೆಯ ತಿರುಳು ಬದಲಾಗಿಲ್ಲ. ಕೆಲಸದಿಂದ ತೆಗೆದ ಪ್ರಕರಣದಲ್ಲಿ ಸಂಘದ ಬೆಂಬಲವಿಲ್ಲದೆ ಒಬ್ಬರೇ ದೂರು ಕೊಡಬಹುದು. ಈ ಹಂತದಲ್ಲಿ ಯಾವ ಪಕ್ಷದವರೂ ವಕೀಲರ ಮೂಲಕ ವಾದಿಸುವಂತಿಲ್ಲ. ದೊಡ್ಡ ವಕೀಲರನ್ನು ಇಡಬಲ್ಲ ಕಂಪನಿಗೂ ನಿಮಗೂ ಇರುವ ಅಂತರ ಅಲ್ಲಿ ಕೊಂಚವಾದರೂ ತಗ್ಗುತ್ತದೆ. ಆದರೆ ಮುಖ್ಯವಾಗಿ ಆಡಳಿತದ ಹೊಣೆ ಹೊತ್ತವರು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು ಕಾನೂನಿನ ಪ್ರಕಾರ ‘ಕಾರ್ಮಿಕ’ರೆನಿಸುವುದಿಲ್ಲ, ಹಾಗಾಗಿ ಈ ದಾರಿ ಅವರಿಗಿಲ್ಲ. ಹುದ್ದೆಯ ಹೆಸರು ಸೂಪರ್‌ವೈಸರ್ ಎಂದಿದ್ದರೂ ದಿನವಿಡೀ ಯಂತ್ರದ ಮುಂದೆಯೇ ನಿಂತವರು, ತಾವು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು ಅರ್ಜಿಯಲ್ಲಿ ವಿವರವಾಗಿ ಬರೆಯಬೇಕು.

ಅರ್ಜಿಯಲ್ಲಿ ಸೇರಿದ ದಿನ, ಬಿಡಿಸಿದ ದಿನ, ಕೊನೆಯ ಸಂಬಳ ಮತ್ತು ನಿಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ನೇಮಕಾತಿ ಪತ್ರ ಇಲ್ಲದಿದ್ದರೆ ಪಿ.ಎಫ್., ಇ.ಎಸ್.ಐ. ದಾಖಲೆ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಕ್ಕೆ ಅವಕಾಶವಿಲ್ಲ.

ಮಾತುಕತೆ ಫಲಿಸಿದರೆ ಒಪ್ಪಂದ ಲಿಖಿತವಾಗಿ ಆಗುತ್ತದೆ. ಅದರಂತೆ ಬರಬೇಕಾದ ಹಣವನ್ನು ಮಾಲೀಕರು ಕೊಡದಿದ್ದರೆ, ಸರ್ಕಾರಕ್ಕೆ ಅರ್ಜಿ ಹಾಕಿ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ನಾನಾದರೆ ಇಲ್ಲಿ ಅವಸರ ಮಾಡುವುದಿಲ್ಲ: ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದಿರುವ ಕಾಗದಕ್ಕೆ ಸಹಿ ಹಾಕುವ ಮೊದಲು ಗ್ರಾಚ್ಯುಟಿ, ಬೋನಸ್, ರಜೆಯ ಸಂಬಳ ಅದರಲ್ಲಿ ಸೇರಿವೆಯೇ ಎಂದು ಲೆಕ್ಕ ಹಾಕುತ್ತೇನೆ. ವಕೀಲರು ಸಭೆಗೆ ಬರುವಂತಿಲ್ಲ ಎಂದಮಾತ್ರಕ್ಕೆ ಹೊರಗೆ ಅವರ ಸಲಹೆ ಕೇಳಬಾರದೆಂದೇನಿಲ್ಲ.

ರಾಜಿ ಆಗದಿದ್ದರೆ ಅಧಿಕಾರಿ ಸಂಧಾನ ಶುರುವಾದ 45 ದಿನಗಳೊಳಗೆ ವರದಿ ಕೊಡಬೇಕು. ಆ ವರದಿ ಕೈಸೇರಿದ 90 ದಿನಗಳೊಳಗೆ ನೀವು ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಿ ಎಂಬ ಆದೇಶ ಬರಬಹುದಾದದ್ದು ಅಲ್ಲಿಂದ.