ಪರಮಾಣುವನ್ನು ನಂಬಿಸಿದ ಹಳದಿ ಅಂಟು

ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1909ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಅದಕ್ಕೆ ಕೆಲವೇ ವರ್ಷ ಮೊದಲಿನವರೆಗೂ ಅವರು ಪರಮಾಣು ನಿಜಕ್ಕೂ ಇದೆ ಅಂತ ಒಪ್ಪಿರಲಿಲ್ಲ! ಜಾನ್ ಡಾಲ್ಟನ್ ತಮ್ಮ ಪರಮಾಣು ಸಿದ್ಧಾಂತವನ್ನು ಪುಸ್ತಕವಾಗಿ ತಂದದ್ದು 1808ರಲ್ಲಿ. ನೂರು ವರ್ಷವಾಗುತ್ತಾ ಬಂದರೂ ಜಗಳ ಮುಗಿದಿರಲಿಲ್ಲ. ಓಸ್ಟ್‌ವಾಲ್ಡ್ ಹಠಮಾರಿ ಅಂತ ಸುಮ್ನೆ ನಗುವ ಹಾಗಿಲ್ಲ. ಪರಮಾಣು ಇದೆ ಅಂದುಕೊಂಡರೆ ಲೆಕ್ಕ ಸುಲಭವಾಗುತ್ತಿತ್ತು, ನಿಜ. ಲೆಕ್ಕಕ್ಕೆ ಅನುಕೂಲ ಅಂದ ಮಾತ್ರಕ್ಕೆ ಅದು ಇರಲೇಬೇಕಾ?

ಉತ್ತರ ಸಿಕ್ಕಿದ್ದು ಒಂದು ಹನಿ ನೀರಿನಲ್ಲಿ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್, ಪರಾಗದೊಳಗಿನ ಸಣ್ಣ ಕಣಗಳು ನೀರಿನಲ್ಲಿ ಎಡೆಬಿಡದೆ ಅಲುಗುವುದನ್ನು ಕಂಡರು. (ಪರಾಗವೇ ಕುಣಿಯಿತು ಅಂತ ಎಷ್ಟೋ ಕಡೆ ಬರೆಯುತ್ತಾರೆ. ಅದು ಅಷ್ಟು ಹಗುರವಲ್ಲ.) ಜೀವ ಇರುವುದಕ್ಕೇ ಹೀಗಾ ಅಂತ ಕಲ್ಲಿನ ಪುಡಿ ಹಾಕಿ ನೋಡಿದರು. ಅದೂ ಅಲುಗಿತು.

ಕಾಣದ ಅಣುಗಳು ಸುತ್ತಲಿಂದ ಗುದ್ದುವುದರಿಂದಲೇ ಹೀಗಾಗುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ನಾಲ್ಕು ಪಟ್ಟು ಹೊತ್ತು ಕಾದರೆ ಕಣ ಸರಾಸರಿ ಎರಡೇ ಪಟ್ಟು ದೂರ ಸರಿದಿರಬೇಕು. ಆ ದೂರ ಅಳೆದರೆ ಅಣುಗಳನ್ನು ಎಣಿಸಬಹುದು.

ಅಳೆಯಲು ಕೂತವರು ಪ್ಯಾರಿಸ್ಸಿನ ಜೀನ್ ಪೆರಿನ್. ಅವರು ಆರಿಸಿಕೊಂಡದ್ದು ಚಿತ್ರಕಾರರು ಬಳಸುವ ಗ್ಯಾಂಬೋಜ್ ಎಂಬ ಹಳದಿ ಅಂಟನ್ನು. ಅದು ಬರುವ ಮರ ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆಯ ಜಾತಿಯದ್ದೇ. ಅಂಟನ್ನು ನೀರಿನಲ್ಲಿ ಉಜ್ಜಿ, ಯಂತ್ರದಲ್ಲಿ ಮತ್ತೆ ಮತ್ತೆ ತಿರುಗಿಸಿ, ಒಂದೇ ಗಾತ್ರದ ಕಣಗಳನ್ನು ಬೇರ್ಪಡಿಸಬೇಕು. ಒಂದು ಕಿಲೋ ಅಂಟಿನಿಂದ ತಿಂಗಳುಗಟ್ಟಲೆ ದುಡಿದು ಸಿಕ್ಕಿದ್ದು ಒಂದು ಗ್ರಾಂಗಿಂತಲೂ ಕಡಿಮೆ!

ಆಮೇಲೆ ಹನಿಯ ಯಾವ ಮಟ್ಟದಲ್ಲಿ ಎಷ್ಟು ಕಣ ಅಂತ ಎಣಿಸಿದರು. ತಳದಲ್ಲಿ ಜಾಸ್ತಿ, ಮೇಲೆ ಕಡಿಮೆ. ಬೆಟ್ಟ ಏರಿದಂತೆ ಗಾಳಿ ತೆಳುವಾಗುವುದೂ ಇದೇ ನಿಯಮದಿಂದ. ಗಾಳಿ ಅರ್ಧದಷ್ಟು ತೆಳುವಾಗಲು ಐದಾರು ಕಿಲೋಮೀಟರ್ ಏರಬೇಕು. ಪೆರಿನ್‌ರ ಹನಿಯಲ್ಲಿ ಕಣಗಳು ಅರ್ಧವಾಗಲು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಏರಿದರೆ ಸಾಕಿತ್ತು. ಈ ವ್ಯತ್ಯಾಸದಿಂದಲೇ ಅಣುವಿನ ತೂಕ ಸಿಗುತ್ತದೆ. ತೂಕ ಸಿಕ್ಕರೆ, 18 ಗ್ರಾಂ ನೀರಿನಲ್ಲಿ ಎಷ್ಟು ಅಣುಗಳಿವೆ ಅನ್ನುವುದೂ ಗೊತ್ತಾಗುತ್ತದೆ.

ಹೀಗೆ ಬಂದ ಉತ್ತರ, 6.8ನ್ನು ಹತ್ತರಿಂದ 23 ಸಲ ಗುಣಿಸಿದಷ್ಟು. ಕಣಗಳ ಅಲುಗಾಟ ಅಳೆದರೂ ಹತ್ತಿರದ ಸಂಖ್ಯೆಯೇ. ವಿಕಿರಣಶೀಲತೆಯಿಂದ, ಆಕಾಶದ ನೀಲಿಯಿಂದ ಲೆಕ್ಕ ಹಾಕಿದವರಿಗೂ ಹೆಚ್ಚುಕಡಿಮೆ ಅದೇ. ಯಾರೂ ಪರಮಾಣುವನ್ನು ಕಣ್ಣಾರೆ ಕಂಡಿರಲಿಲ್ಲ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಇಷ್ಟು ದಾರಿಗಳು ಒಂದೇ ಕಡೆ ಬಂದು ಸೇರುವುದು ಆಕಸ್ಮಿಕ ಅನ್ನೋದು ಕಷ್ಟ, ಅಲ್ವಾ? ಓಸ್ಟ್‌ವಾಲ್ಡ್ ತಮ್ಮ ಪಠ್ಯಪುಸ್ತಕದ ಹೊಸ ಮುನ್ನುಡಿಯಲ್ಲೇ ಸೋಲೊಪ್ಪಿದರು. ಈಗ ಒಪ್ಪಿರುವ ಸಂಖ್ಯೆಯಲ್ಲಿ ಆ 6.8ರ ಜಾಗದಲ್ಲಿ 6.022 ಇದೆ. ಅಂಟಿನ ಕಣ ಎಣಿಸಿ ಇಷ್ಟು ಹತ್ತಿರ ಬಂದಿದ್ದಾರಲ್ಲ, ನನಗೆ ಅದೇ ದೊಡ್ಡದು.